ತಮ್ಮ ಲಾರಿ ಓಡಿಸುವ ದಾರಿ

ಕಳೆದ ನವೆಂಬರ್ ಒಂದರಂದು ಕಲಬುರಗಿಯ ನಮ್ಮ ಮನೆಯಲ್ಲಿದ್ದೆ. ಬೆಳಿಗ್ಗೆಯಿಂದಲೇ ಓಣಿಯ ತುದಿಯಲ್ಲಿ ಮೈಕ್ ಹಚ್ಚಿ ರಾಜ್ಯೋತ್ಸವದ ಹಾಡು ಹಾಕಿದ್ದರು. ನಾನು ಲ್ಯಾಪ್‌ಟಾಪ್ ಮುಚ್ಚಿ ಇನ್ನೊಂದು ನಿದ್ದೆ ಹೊಡೆಯುವ ಯೋಚನೆಯಲ್ಲಿದ್ದಾಗ ಕಮಲಾಪುರದಿಂದ ಕಾಕು ಫೋನ್ ಮಾಡಿದಳು.

"ನಾಕ್ ದಿನಾ ಆಯ್ತಪಾ, ತಮ್ಮಂದು ಫೋನ್ ಹತ್ತವಲ್ದು. ನೀ ಕಂಪ್ಯೂಟರ್ ಮಂದಿ, ಎಲ್ಲಿ ಅದಾನ ನೋಡು."

ತಮ್ಮ ಅಂದರೆ ಕಾಕಾನ ಮಗ. ಸೈನ್ಯದಲ್ಲಿ ಡ್ರೈವರ್. ಶ್ರೀನಗರದಿಂದ ದ್ರಾಸ್ ಕಡೆಗೆ ಸಾಮಾನು ಒಯ್ಯುವ ಲಾರಿ ಓಡಿಸುತ್ತಾನೆ. ವಾಟ್ಸಾಪ್‌ನಲ್ಲಿ ನಾನು ಕಳಿಸಿದ ಮೆಸೇಜಿಗೂ ಒಂದೇ ಟಿಕ್. ಕಂಪ್ಯೂಟರ್ ಕಲಿತವನು ಇದರಲ್ಲಿ ಮಾಡುವುದೇನೂ ಇಲ್ಲ ಅಂತ ಕಾಕುಗೆ ಹೇಳುವ ಧೈರ್ಯ ಬರಲಿಲ್ಲ. ಬಸ್ ಹತ್ತಿ ಕಮಲಾಪುರಕ್ಕೆ ಹೋದೆ.

ಬಸ್ಸಿನಲ್ಲಿ ಕೂತಾಗ ನೆನಪಾಗಿ ಚುಚ್ಚಿದ್ದು ಬೇರೆಯದೇ ವಿಷಯ. ಎರಡು ವರ್ಷದ ಹಿಂದೆ ಮನೆಯ ಒಂದು ಮದುವೆಯಲ್ಲಿ ಅವನು ತನ್ನ ಪೋಸ್ಟಿಂಗ್ ಬಗ್ಗೆ ಖುಷಿಯಿಂದ ಹೇಳುತ್ತಿದ್ದ. ನಾನು ನಡುವೆ ಬಾಯಿ ಹಾಕಿ, "ಮಿಲ್ಟ್ರಿಗೆ ಹೋಗಿ ಲಾರಿ ಓಡಸ್ಲತ್ತೀ? ಅದನ್ನ ನಮ್ಮ ಗಂಜಿನ್ಯಾಗೂ ಮಾಡಬಹುದಿತ್ತಲ್ಲೋ" ಅಂದಿದ್ದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಎದ್ದು ಊಟಕ್ಕೆ ಹೋದ.

ಕಾಕಾನ ಮನೆಯ ಪಡಸಾಲೆಯಲ್ಲಿ ಮುತ್ಯಾ ಕೂತಿದ್ದ. ವಯಸ್ಸು ತೊಂಬತ್ತರ ಹತ್ತಿರ. ಕಾಕು ಕೆಂಪು ಬಾಳೆಹಣ್ಣು ತಂದಿಟ್ಟಳು. ಯಾರಿಗೂ ತಿನ್ನುವ ಮನಸ್ಸಿರಲಿಲ್ಲ. ರಾತ್ರಿ ನಿದ್ದೆ ಬಾರದೆ, ತಮ್ಮ ಯಾವಾಗಲೂ ಹೇಳುತ್ತಿದ್ದ ಝೋಜಿಲಾ ಪಾಸ್ ಎಲ್ಲಿದೆ ಅಂತ ಮ್ಯಾಪ್‌ನಲ್ಲಿ ನೋಡಿದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಝೋಜಿಲಾ 3,500 ಮೀಟರ್ ದಾಟುತ್ತದೆ. ಅದರ ಇತಿಹಾಸ ಓದುತ್ತಾ ಹೋದಾಗ ಒಂದು ತಾರೀಖು ಕಣ್ಣಿಗೆ ಬಿತ್ತು. 1948ರ ನವೆಂಬರ್ 1. ಜೊತೆಗೆ ನಮ್ಮ ರಾಜ್ಯದವರದೇ ಒಂದು ಹೆಸರು: ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ಜನರಲ್ ತಿಮ್ಮಯ್ಯ ಅಂದರೆ ನನಗೆ ಗೊತ್ತಿದ್ದದ್ದು ಶಾಲೆಯ ಜಿ.ಕೆ. ಪುಸ್ತಕದಲ್ಲಿದ್ದ ಒಂದು ಸಾಲು, ಭೂಸೇನೆಯ ಮುಖ್ಯಸ್ಥರಾಗಿದ್ದ ಕನ್ನಡ ನಾಡಿನವರು ಅಂತ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಅಧಿಕಾರಿಯಾದರು. ಆಮೇಲೆ ಸೇರಿದ್ದು ಹೈದರಾಬಾದ್ ರೆಜಿಮೆಂಟ್. ನಿಜಾಮರ ಕಾಲದ ಪಡೆಗಳಿಂದ ಬೆಳೆದ ಅದೇ ಇಂದಿನ ಕುಮಾವೂಂ ರೆಜಿಮೆಂಟ್. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಕಾಡಿನಲ್ಲಿ ಜಪಾನಿಯರ ವಿರುದ್ಧ ಹೋರಾಡಿದರು. ಆ ಯುದ್ಧದ ರಣರಂಗದಲ್ಲಿ ಇಡೀ ಒಂದು ಬ್ರಿಗೇಡನ್ನು ಮುನ್ನಡೆಸಿದ ಭಾರತೀಯ ಅವರೊಬ್ಬರೇ.

1948ರಲ್ಲಿ ಕಾಶ್ಮೀರದ ಡಿವಿಷನ್ ಅವರ ಕೈಗೆ ಬಂತು. ಕಾರ್ಗಿಲ್ ಎದುರಾಳಿಗಳ ಕೈಸೇರಿ ಲೇಹ್‌ಗೆ ಹೋಗುವ ದಾರಿ ಕಡಿದುಹೋಗಿತ್ತು. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಲೇಹ್‌ನಲ್ಲಿ ಆಗಷ್ಟೇ ಹಸನು ಮಾಡಿದ್ದ ಬಯಲಿನಲ್ಲಿ ಇಳಿಸಿದರು. ಅದಕ್ಕೂ ಮೊದಲು ಅಲ್ಲಿ ವಿಮಾನ ಇಳಿದಿರಲಿಲ್ಲ. ಪಕ್ಕದಲ್ಲಿ ತಿಮ್ಮಯ್ಯ ಕೂತಿದ್ದರು. ಹೋಗಿ ಬಾ ಅಂತ ಬೇರೆಯವರನ್ನು ಕಳಿಸಲಿಲ್ಲ.

ಆದರೆ ವಿಮಾನದಲ್ಲಿ ಎಷ್ಟಂತ ಸಾಗಿಸುತ್ತೀರಿ? ರಸ್ತೆ ಬೇಕು. ರಸ್ತೆಗೆ ಝೋಜಿಲಾ ಬೇಕು. ಸೆಪ್ಟೆಂಬರಿನಲ್ಲಿ ಕಾಲಾಳು ಪಡೆ ಪ್ರಯತ್ನಿಸಿತು. ಎರಡೂ ಬದಿಯ ಬಂಡೆಗಳಲ್ಲಿ ಕೂತ ಎದುರಾಳಿಗಳ ಗುಂಡಿನ ಮುಂದೆ ಆಗಲಿಲ್ಲ. ಆಗ ತಿಮ್ಮಯ್ಯ ಟ್ಯಾಂಕ್ ಒಯ್ಯುವ ನಿರ್ಧಾರ ಮಾಡಿದರು. ಅಷ್ಟು ಎತ್ತರಕ್ಕೆ, ಹೇಸರಗತ್ತೆ ನಡೆಯುವ ಕಿರುದಾರಿಯಲ್ಲಿ, ಟನ್‌ಗಟ್ಟಲೆ ತೂಕದ ಕಬ್ಬಿಣ!

ಇಲ್ಲಿಂದ ಮುಂದೆ ನಾನು ಎದ್ದು ಕೂತು ಓದಿದೆ. ಟ್ಯಾಂಕುಗಳು ಜಮ್ಮು ಕಡೆಯಿಂದ ಬರಬೇಕು. ದಾರಿಯ ಸೇತುವೆಗಳು ಆ ಭಾರಕ್ಕೆ ಕಟ್ಟಿದವಲ್ಲ, ಅವನ್ನು ಗಟ್ಟಿ ಮಾಡಬೇಕು. ಗುಟ್ಟು ಬಯಲಾಗಬಾರದು ಅಂತ ಟ್ಯಾಂಕಿನ ಮೇಲಿನ ತಿರುಗುವ ಭಾಗವನ್ನೇ ಬಿಚ್ಚಿ ಸಾಗಿಸಿದರು. ಬಾಲ್ತಾಲ್‌ನಿಂದ ಮೇಲಕ್ಕೆ ಬಂಡೆ ಒಡೆದು, ಕಿರುದಾರಿ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲೇ ಇದೆ. ಎಷ್ಟೋ ಸಲ ಕ್ಯಾಬ್‌ನಲ್ಲಿ ಆ ಗೋಡೆಯ ಪಕ್ಕ ಟ್ರಾಫಿಕ್‌ಗೆ ಬೈಯುತ್ತಾ ಹೋಗಿದ್ದೇನೆ.

ಹಿಮ ಬಿದ್ದು ದಾಳಿ ಮುಂದಕ್ಕೆ ಹೋಯಿತು. ಕೊನೆಗೆ ನವೆಂಬರ್ 1ರಂದು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ 'ಸ್ಪ್ಯಾರೋ' ಅವರ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಪಾಸ್ ಒಳಗೆ ನುಗ್ಗಿದವು. ಮುಂದಿನ ಟ್ಯಾಂಕೊಂದರಲ್ಲಿ ಮೇಜರ್ ಜನರಲ್ ತಿಮ್ಮಯ್ಯ ತಾವೇ ಇದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರುತ್ತದೆ ಅಂತ ಎದುರಿನವರು ಎಣಿಸಿರಲಿಲ್ಲ. ಪಾಸ್ ಕೈಗೆ ಬಂತು. ನವೆಂಬರ್ 24ಕ್ಕೆ ಕಾರ್ಗಿಲ್ ಕೂಡ ಬಂತು.

ಬೆಳಿಗ್ಗೆ ಇದನ್ನೆಲ್ಲ ಪಡಸಾಲೆಯಲ್ಲಿ ಹೇಳಿದೆ. ಮುತ್ಯಾ ಕಿವಿ ಮುಂದೆ ಮಾಡಿ ಕೇಳಿದ. "ಅದೇ ವರ್ಷ ಇಲ್ಲಿ ಪೊಲೀಸ್ ಆ್ಯಕ್ಷನ್ ಆಯ್ತು. ನಾ ಸಣ್ಣಾಂವ. ರಜಾಕಾರರಿಗೆ ಅಂಜಿ ಹೊಲದಾಗ ಅಡಗಿದ್ವಿ. ಹುಮನಾಬಾದ್ ಕಡಿ ಮಿಲ್ಟ್ರಿ ಗಾಡಿ ಬಂದಾವಂತ ಸುದ್ದಿ ಬಂದ ಮ್ಯಾಲೇ ಮನಿಗೆ ಬಂದಿದ್ದು" ಅಂದ. ನಿಜ. ಝೋಜಿಲಾದಲ್ಲಿ ಕಾಲಾಳು ಪಡೆ ಹೆಣಗುತ್ತಿದ್ದ ಆ ಸೆಪ್ಟೆಂಬರಿನಲ್ಲೇ, 13ರಿಂದ 17ರವರೆಗೆ, ಸೊಲ್ಲಾಪುರದಿಂದ ಹೊರಟ ಸೈನ್ಯ ಹುಮನಾಬಾದ್ ಮೇಲೆ ಹೈದರಾಬಾದಿನತ್ತ ಸಾಗಿತ್ತು. ನಾವು ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಧ್ವಜ ಹಾರಿಸುವುದು ಅದಕ್ಕೇ.

ಕಾಕು ಸುಮ್ಮನೆ ಕೇಳುತ್ತಿದ್ದವಳು ಒಂದೇ ಪ್ರಶ್ನೆ ಕೇಳಿದಳು: "ಆ ಟ್ಯಾಂಕ್ ಮ್ಯಾಲ್ ತನಕ ಓಡ್ಸಿದೋರು ಯಾರಪಾ? ಅವ್ರ ಹೆಸರು ಬರ್ದಾರೇನು?"

ಬರೆದಿರಲಿಲ್ಲ. ಕನಿಷ್ಠ ನಾನು ಓದಿದ್ದರಲ್ಲಿ ಇರಲಿಲ್ಲ. ಜನರಲ್ ಹೆಸರಿತ್ತು, ಕರ್ನಲ್ ಹೆಸರಿತ್ತು. ತಿಮ್ಮಯ್ಯನವರು ಮುಂದೆ ಕೊರಿಯಾ ಯುದ್ಧದ ಕೈದಿಗಳ ಆಯೋಗದ ಅಧ್ಯಕ್ಷರಾದರು, 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರಾದರು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಿರುವಾಗಲೇ ತೀರಿಕೊಂಡರು. ಅದೆಲ್ಲ ಸಿಕ್ಕಿತು. ಇಕ್ಕಟ್ಟಿನ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದು, ಇಂಧನ, ರೊಟ್ಟಿ, ಗುಂಡು ಸಾಗಿಸಿದವರ ಹೆಸರು ಸಿಗಲಿಲ್ಲ. ಅವರಿಲ್ಲದಿದ್ದರೆ ಜನರಲ್ ಕೂತ ಟ್ಯಾಂಕ್ ಬಾಲ್ತಾಲ್ ಕೂಡ ಮುಟ್ಟುತ್ತಿರಲಿಲ್ಲ. ತಿಮ್ಮಯ್ಯ ಗೆದ್ದದ್ದು ಮೊದಲು ದಾರಿಯ ಬಗ್ಗೆ ಯೋಚಿಸಿದ್ದರಿಂದ. ಆ ದಾರಿಯಲ್ಲೇ ಈಗ ನಮ್ಮ ತಮ್ಮ ಲಾರಿ ಓಡಿಸುತ್ತಾನೆ. ನಾನು ಅದನ್ನು ಗಂಜಿನ ಬಾಡಿಗೆಗೆ ಹೋಲಿಸಿದ್ದೆ.

ಮೂರನೇ ದಿನ ಮಧ್ಯಾಹ್ನ, ನಾನು ಕಲಬುರಗಿಗೆ ವಾಪಸ್ ಬಂದ ಮೇಲೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಹಿಮ ಬಿದ್ದು ರಸ್ತಾ ಬಂದ್ ಆಗಿತ್ತಣ್ಣ. ಗಾಡ್ಯಾಗೇ ಮಲಗಿದ್ವಿ. ಈಗ ಚಾಲೂ ಆಗ್ಯದ."

ನನಗೆ ಗಂಟಲು ಕಟ್ಟಿತು. ತಿಮ್ಮಯ್ಯನವರ ಬಗ್ಗೆ ಓದಿದೆ ಅಂದೆ. "ಗೊತ್ತದಣ್ಣ, ಇಲ್ಲಿ ಎಲ್ಲಾರಿಗೂ ಗೊತ್ತದ" ಅಂದ. ಮದುವೆಯಲ್ಲಿ ನಾನು ಆಡಿದ ಮಾತು ತಪ್ಪಾಯಿತು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಅದ್ ಬಿಡಣ್ಣ. ಅವ್ವಂದು ಫೋನ್ ಹತ್ತವಲ್ದು, ಹೊಲದಾಗ ಇರ್ಬೇಕು. ನೀ ಆಕಿಗಿ ಹೇಳು, ಆರಾಮ್ ಇದೀನಂತ."

ಆರು ಸಲ ಡಯಲ್ ಮಾಡಿದ ಮೇಲೆ ಕಾಕು ಸಿಕ್ಕಳು. ಎಲ್ಲ ಹೇಳಿದೆ. ಅವಳು ಒಂದು ಉಸಿರು ಬಿಟ್ಟು, "ಊಟ ಮಾಡ್ಯಾನಂತೇನು?" ಅಂದಳು.

ಅದನ್ನು ನಾನು ಕೇಳಿರಲಿಲ್ಲ.