ಬೆಳಕಿನ ವೇಗ ಮತ್ತು ಜಗಲಿಯ ಲೈಟು

ಮೊನ್ನೆ ಶನಿವಾರ ರಾತ್ರಿ ರೂಮ್‌ಮೇಟ್ ನನ್ನ ಲ್ಯಾಪ್‌ಟಾಪ್ ಕಡೆ ಬಗ್ಗಿ ನೋಡಿ, "ಏನೋ ಇದು, ರೋಬೋಟ್ ಕಸರತ್ತು ಮಾಡ್ತಿದೆ?" ಅಂದ. ಏನು ಹೇಳಲಿ? ನಿಜಕ್ಕೂ ಮಾಡ್ತಿತ್ತು.

ನಾನು ನೋಡುತ್ತಿದ್ದದ್ದು 'ಗನ್‌ಬಸ್ಟರ್'. 1988ರಲ್ಲಿ ಬಂದ ಜಪಾನಿನ ಅನಿಮೆ, ಒಟ್ಟು 6 ಕಂತು. ಮುಂದೆ 'ಇವಾಂಗೆಲಿಯನ್' ಮಾಡಿ ಹೆಸರಾದ ಹಿಡೆಯಾಕಿ ಅನ್ನೋ (ಹೌದು, ಅವರ ಹೆಸರೇ 'ಅನ್ನೋ') ನಿರ್ದೇಶಿಸಿದ ಮೊದಲ ಸರಣಿ. ಬಾಹ್ಯಾಕಾಶದಿಂದ ರಾಕ್ಷಸಗಾತ್ರದ ಜೀವಿಗಳು ಬರುತ್ತಿವೆ, ಭೂಮಿಯನ್ನು ಉಳಿಸೋಕೆ ಶಾಲೆಯ ಹುಡುಗಿಯರು ರೋಬೋಟ್ ಓಡಿಸೋದು ಕಲಿಯುತ್ತಾರೆ.

ಪೆದ್ದುತನಕ್ಕೆ ಇಲ್ಲಿ ಬರವಿಲ್ಲ. ಗಾಳಿಯೇ ಇಲ್ಲದ ಕಡೆ ಸ್ಫೋಟದ ಸದ್ದು ಕಿವಿಗಡಚಿಕ್ಕುತ್ತದೆ. ಬೆಟ್ಟದಷ್ಟು ದೊಡ್ಡ ರೋಬೋಟ್ ಕೈಕಟ್ಟಿ ನಿಲ್ಲುತ್ತದೆ, ಥೇಟ್ ನಮ್ಮ ಸಿನಿಮಾದ ಹೀರೋ ಎಂಟ್ರಿ. ಒದೆಯುವ ಮೊದಲು ಒದೆಯ ಹೆಸರನ್ನು ಗಂಟಲು ಹರಿಯುವ ಹಾಗೆ ಕೂಗಬೇಕು. ಮಾತುಮಾತಿಗೂ ಕಣ್ಣೀರು.

ಆದರೆ ಒಂದು ವಿಷಯದಲ್ಲಿ ಇವರು ಆಟ ಆಡಿಲ್ಲ, ಅದು ಕಾಲ. ಬೆಳಕಿನ ವೇಗದ ಹತ್ತಿರ ಹೋದವರಿಗೆ ಕಾಲ ನಿಧಾನ ಅಂತ ಐನ್‌ಸ್ಟೈನ್ ಹೇಳಿದ್ದನ್ನು ನಾವೆಲ್ಲ ಓದಿದ್ದೇವೆ. ಆ ವೇಗದ 99.5 ಶೇಕಡಾದಲ್ಲಿ ಒಂದು ವರ್ಷ ಸುತ್ತಾಡಿ ಬಂದರೆ ಭೂಮಿಯಲ್ಲಿ ಸುಮಾರು 10 ವರ್ಷ ಕಳೆದಿರುತ್ತದೆ. ಇಂಜಿನಿಯರಿಂಗ್‌ನಲ್ಲಿ ಇದು ನನಗೆ ಬರೀ ಸೂತ್ರ, ಅಂಕಗಳಿಗೆ ಬರೆದು ಮರೆತದ್ದು.

'ಗನ್‌ಬಸ್ಟರ್'ನಲ್ಲಿ ಅದೇ ಸೂತ್ರ ಹೊಟ್ಟೆಗೆ ಗುದ್ದುತ್ತದೆ. ನಾಯಕಿ ನೊರಿಕೊ ಪ್ರತಿ ಸಲ ಯುದ್ಧ ಮುಗಿಸಿ ಬಂದಾಗ ಅವಳು ಹಾಗೇ ಇರುತ್ತಾಳೆ, ಊರು ಬದಲಾಗಿರುತ್ತದೆ. ಜೊತೆಯಲ್ಲಿ ಓದಿದ ಗೆಳತಿಗೆ ಮದುವೆಯಾಗಿ ಮಗುವೂ ಆಗಿರುತ್ತದೆ. ಇವಳಿನ್ನೂ ಹುಡುಗಿ.

ಇದನ್ನು ನೋಡುವಾಗ ನನಗೆ ಊರು ನೆನಪಾಯಿತು. ಅರಸೀಕೆರೆ ಪಕ್ಕ, ಬೆಂಗಳೂರಿಂದ ರೈಲಲ್ಲಿ ಮೂರು ಗಂಟೆ ದಾರಿ. ಆದರೂ ಹೋಗಿ ಐದು ತಿಂಗಳಾಗಿತ್ತು. ನನ್ನ ಲೆಕ್ಕದಲ್ಲಿ ಅದು ಬರೀ ಎರಡು ರಿಲೀಸ್. ಹಿಂದಿನ ಸಲವೂ ಹೀಗೇ ತಡವಾಗಿ ಹೋದಾಗ, ಕರುವಾಗಿದ್ದದ್ದು ಕಡಸಾಗಿ ನಿಂತಿತ್ತು. ಅಮ್ಮ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. "ಯಾವಾಗಿಂದ?" ಅಂತ ಕೇಳಿದ್ದಕ್ಕೆ, "ಆಗ್ಲೇ ಎಷ್ಟೋ ದಿನ ಆಯ್ತಲ್ಲ" ಅಂದಿದ್ದಳು.

ಕೊನೆಯ ಕಂತು ಕಪ್ಪು ಬಿಳುಪು. (ಮುಂದೆ ಕತೆಯ ಕೊನೆ ಹೇಳ್ತೀನಿ, ನೋಡದವರು ಕ್ಷಮಿಸಿ.) ನೊರಿಕೊ ಮತ್ತು ಅವಳ ಸಂಗಾತಿ ಕಜುಮಿ ಭೂಮಿಗೆ ಮರಳುವಾಗ ಅಲ್ಲಿ 12,000 ವರ್ಷ ಕಳೆದಿದೆ. ಕೆಳಗೆ ಬರೀ ಕತ್ತಲು. ಯಾರೂ ಉಳಿದಿಲ್ಲ ಅಂದುಕೊಳ್ಳುವಷ್ಟರಲ್ಲಿ ನೆಲದ ಮೇಲೆ ದೀಪಗಳು ಹೊತ್ತಿಕೊಂಡು ಅಕ್ಷರಗಳಾಗುತ್ತವೆ. ಮನೆಗೆ ಬಂದವರಿಗೆ ಜಪಾನಿನಲ್ಲಿ ದಿನಾ ಹೇಳುವ ಸ್ವಾಗತದ ಮಾತು ಅದು. ಕೊನೆಯ ಅಕ್ಷರ ಮಾತ್ರ ತಿರುಗುಮುರುಗು. ಲಿಪಿಯೇ ಮರೆತುಹೋಗುವಷ್ಟು ಕಾಲ ಸರಿದಿದ್ದರೂ ಇವರು ಬರ್ತಾರೆ ಅನ್ನೋದನ್ನು ಯಾರೋ ಮರೆತಿಲ್ಲ.

ನಾನು ಅತ್ತೆ. ರೂಮ್‌ಮೇಟ್ ನಗಲಿಲ್ಲ, ಅವನೂ ಕೊನೆವರೆಗೆ ಕೂತಿದ್ದ.

ಫೋನ್ ತೆಗೆದರೆ ಎರಡು ದಿನದಿಂದ ಉತ್ತರ ಕೊಡದೆ ಬಿಟ್ಟಿದ್ದ ಅಮ್ಮನ ಮೆಸೇಜ್ ಇತ್ತು: "ಯಾವಗ ಬರತಿಯ". ದೀರ್ಘವೂ ಇಲ್ಲ, ಒತ್ತಕ್ಷರವೂ ಇಲ್ಲ. ಈಚೆಗಷ್ಟೇ ಟೈಪ್ ಮಾಡೋಕೆ ಕಲಿತಿದ್ದಾಳೆ.

ಮುಂದಿನ ಶುಕ್ರವಾರವೇ ಹೊರಟೆ. ಮನೆ ಮುಟ್ಟುವಾಗ ರಾತ್ರಿ ಹನ್ನೊಂದು. ಬೀದಿಯೆಲ್ಲ ಮಲಗಿತ್ತು, ನಮ್ಮ ಜಗಲಿಯ ಲೈಟು ಮಾತ್ರ ಉರೀತಿತ್ತು. "ಬಂದ್ಯಾ? ಕೈಕಾಲು ತೊಳ್ಕೊ" ಅಂದಳು. ಊಟಕ್ಕೆ ಕೂತಾಗ 12,000 ವರ್ಷದ ಕತೆ ಶುರು ಮಾಡಿದೆ.

"ಆಮೇಲೆ ಹೇಳುವಂತೆ, ಅನ್ನ ಆರಿಹೋಗುತ್ತೆ" ಅಂದಳು ಅಮ್ಮ.