ಕಿಟಕಿಯ ಪಕ್ಕದ ಸೀಟು

ನನ್ನ ತಂಗಿಯ ಮಗಳು ಮೈಸೂರಿನ ನಮ್ಮ ಮನೆಗೆ ಬಂದು ಎರಡು ವರ್ಷವಾಗುತ್ತ ಬಂತು. ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳನ್ನು ನನ್ನ ಬಳಿ ಬಿಟ್ಟುಹೋದ ದಿನ ನನ್ನ ತಂಗಿ ಎರಡು ಸೀಸೆ ಉಪ್ಪಿನಕಾಯಿ, ಒಂದು ಡಬ್ಬ ಸಾರಿನ ಪುಡಿ ನನ್ನ ಕೈಗೆ ಕೊಟ್ಟು, “ಅಕ್ಕ, ಸ್ವಲ್ಪ ಗಮನ ಇಟ್ಟಿರು” ಎಂದಳು. ಗಮನವೆಂದರೆ ಏನೆಂಬುದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಪಕ್ಕದಲ್ಲಿ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ ಹುಡುಗಿಗೂ ಗೊತ್ತಿತ್ತು. ಮೂವರೂ ಉಪ್ಪಿನಕಾಯಿಯ ಮಾತೆತ್ತಿಕೊಂಡೆವು.

ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಹೇಳುತ್ತಿರುವ ನನಗೆ ಈ ವಯಸ್ಸಿನ ಹೆಣ್ಣುಮಕ್ಕಳ ವಿಷಯವೆಲ್ಲ ಗೊತ್ತು ಎಂಬ ಹೆಮ್ಮೆಯಿತ್ತು. ತರಗತಿಯಲ್ಲಿ ಕಾಣುವ ಹುಡುಗಿ ಬೇರೆ, ಮನೆಯಲ್ಲಿ ನಮ್ಮ ಜೊತೆಗೆ ತಟ್ಟೆ ತೊಳೆಯುವ ಹುಡುಗಿ ಬೇರೆ ಎಂಬುದು ಈಗ ತಿಳಿಯಿತು. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅವಳು ಸುಖಪಡುವ ರೀತಿ. ಅವಳ ಸುಖಗಳು ಎಷ್ಟು ಸಣ್ಣವು, ಮತ್ತು ಅವನ್ನು ಅವಳು ಎಷ್ಟು ಗಂಭೀರವಾಗಿ ನಡೆಸಿಕೊಂಡು ಬರುತ್ತಾಳೆ! ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ಡಿಕಾಕ್ಷನ್ ಇಳಿಸುತ್ತಾಳೆ. ಲೋಟ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಕೂತರೆ ಕಾಫಿ ಮುಗಿಯುವ ತನಕ ಯಾರೂ ಮಾತಾಡಿಸಕೂಡದು. ಭಾನುವಾರ ಎಣ್ಣೆ ನೀರು ಹಾಕಿಕೊಂಡು, ಮಹಡಿಯ ಬಿಸಿಲಿನಲ್ಲಿ ಕೂದಲು ಹರವಿಕೊಂಡು, ಒಂದು ಗಂಟೆ ಏನನ್ನೂ ಮಾಡದೆ ಇರುತ್ತಾಳೆ. “ಏನು ಯೋಚನೆ ಮಾಡ್ತಿದ್ದೀಯೇ?” ಎಂದು ನಾನು ಕೇಳಿದರೆ, “ಕೂದಲು ಒಣಗಿಸ್ತಿದ್ದೀನಿ ದೊಡ್ಡಮ್ಮ” ಎನ್ನುತ್ತಾಳೆ. ನಾನು ಯಾವತ್ತೂ ಬರಿಯ ಕೂದಲು ಒಣಗಿಸಿದವಳಲ್ಲ. ಉತ್ತರಪತ್ರಿಕೆ ತಿದ್ದುತ್ತ ಒಣಗಿಸಿದ್ದೇನೆ, ಹುರುಳಿಕಾಯಿ ಮುರಿಯುತ್ತ ಒಣಗಿಸಿದ್ದೇನೆ.

ಎಲ್ಲಕ್ಕೂ ಮಿಗಿಲಾದದ್ದು ಬಸ್ಸು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತಷ್ಟೆ. ಅದರಿಂದ ಆದ ಲಾಭನಷ್ಟಗಳನ್ನು ತಿಳಿದವರು ಲೆಕ್ಕ ಹಾಕಿದ್ದಾರೆ. ನಮ್ಮ ಹುಡುಗಿಗೆ ಆದ ಲಾಭ ಯಾವ ಲೆಕ್ಕಕ್ಕೂ ಸಿಕ್ಕುವಂಥದಲ್ಲ. ಎದುರಿಗೆ ಬಂದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಇಲ್ಲದಿದ್ದರೆ ಅವಳು ಹತ್ತುವುದಿಲ್ಲ, ಮುಂದಿನದಕ್ಕೆ ಕಾಯುತ್ತಾಳೆ. ಸೀಟು ಸಿಕ್ಕರೆ ಗಾಳಿಗೆ ಮುಖವೊಡ್ಡಿ ಕೂತು, ಇಳಿಯಬೇಕಾದ ಸ್ಟಾಪಿಗಿಂತ ಮೊದಲೇ ಇಳಿದು, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಗಂಗೋತ್ರಿ ಸೇರುತ್ತಾಳೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಆ ಕೆರೆಯ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಅಷ್ಟು ಭಾರದ ಹಕ್ಕಿ ನೀರಿನ ಮೇಲೆ ಇಳಿಯುವಾಗ ಕಾಲು ಮುಂದೆ ಚಾಚಿ ಜಾರುವುದನ್ನು ನೋಡುವುದು ಅವಳಿಗೆ ಒಂದು ಸಂಭ್ರಮ. ಸಂಜೆ ದೇವರಾಜ ಮಾರುಕಟ್ಟೆಯ ಕಡೆ ಹೋದರೆ ಒಂದು ಮೊಳ ಮಲ್ಲಿಗೆ ತರುತ್ತಾಳೆ. ದೇವರಿಗೆ ಮುಡಿಸುವುದಿಲ್ಲ, ತಾನೂ ಹೆಚ್ಚಾಗಿ ಮುಡಿಯುವುದಿಲ್ಲ; ಓದುವ ಪುಸ್ತಕದ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾಳೆ. “ಇದು ಯಾರಿಗೇ?” ಎಂದು ಕೇಳಿದೆ. “ನನ್ನ ಮೂಗಿಗೆ” ಎಂದಳು.

ಒಂದು ರಾತ್ರಿ ಊಟ ಮುಗಿಸಿ ಅಡಿಗೆಮನೆ ಒರೆಸುತ್ತಿದ್ದಾಗ, ಹೆಜ್ಜಾರ್ಲೆಯ ವಿಷಯ ಹೇಳುವ ದನಿಯಲ್ಲೇ ಅವಳೆಂದಳು: “ದೊಡ್ಡಮ್ಮ, ಲೈಬ್ರರಿಗೆ ಒಬ್ಬ ಬರ್ತಾನೆ. ಪುಸ್ತಕದ ಹಾಳೆ ತಿರುಗಿಸೋವಾಗ ಮೇಲಿನ ಮೂಲೆ ಹಿಡಿದು, ಎಲ್ಲಿ ನೋವಾಗುತ್ತೋ ಅನ್ನೋ ಹಾಗೆ ನಿಧಾನವಾಗಿ ತಿರುಗಿಸ್ತಾನೆ. ಅದನ್ನ ನೋಡೋಕೆ ನನಗೆ ಇಷ್ಟ.”

ನನ್ನ ಕೈಯ ಬಟ್ಟೆ ನಿಂತಿತು. “ಯಾರು? ಯಾವ ಊರಿನವನು? ಏನು ಓದ್ತಾನೆ? ಮಾತಾಡಿದ್ದೀಯಾ?” ಒಂದೇ ಉಸಿರಿನಲ್ಲಿ ನಾಲ್ಕು ಪ್ರಶ್ನೆ ಕೇಳಿದೆ. ಐದನೆಯ ಪ್ರಶ್ನೆಯೊಂದು ಗಂಟಲಲ್ಲಿತ್ತು. ಅದು ಯಾವುದೆಂದು ವಾಚಕರಿಗೆ ಹೇಳಬೇಕಾಗಿಲ್ಲ. ನಮ್ಮ ದೇಶದ ಹಿರಿಯರ ಗಂಟಲಲ್ಲಿ ಆ ಪ್ರಶ್ನೆ ಸದಾ ಇರತಕ್ಕದ್ದೇ. ಅವಳು ನನ್ನ ಮುಖವನ್ನೇ ನೋಡಿದಳು. “ನಾನು ಹಾಳೆ ತಿರುಗಿಸೋ ವಿಷಯ ಹೇಳಿದೆ ದೊಡ್ಡಮ್ಮ. ನೀನು ಜಾತಕ ಕೇಳ್ತಿದ್ದೀಯ” ಎಂದು ನಕ್ಕು ಮಲಗಲು ಹೋದಳು.

ನಕ್ಕಳು, ನಿಜ. ಆದರೆ ಅಂದಿನಿಂದ ಅವಳ ಮಾತು ನಿಂತಿತು. ಉಪ್ಪು ಎಲ್ಲಿದೆ, ಹಾಲಿನವನು ಬಂದನೇ ಎಂಬ ಮಾತುಗಳು ಇದ್ದೇ ಇದ್ದವು. ಹೆಜ್ಜಾರ್ಲೆಗಳು ಮಾತ್ರ ಬರಲಿಲ್ಲ. ತಂಗಿ ಒಪ್ಪಿಸಿಹೋದ ‘ಗಮನ’ವನ್ನು ನಾನು ಇಟ್ಟ ಕೂಡಲೇ ಗಮನಿಸುವುದಕ್ಕೆ ಏನೂ ಉಳಿಯದೆಹೋಯಿತು.

ಇಷ್ಟರಲ್ಲಿ ಊರಿನಿಂದ ಒಂದು ಸಂಬಂಧದ ಮಾತು ಬಂತು. ಹುಡುಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಮನೆತನ ಒಳ್ಳೆಯದು. ದುಶ್ಚಟಗಳಿಲ್ಲ. ದಸರೆಯ ರಜೆಯಲ್ಲಿ ಅವಳು ಊರಿಗೆ ಹೋದಾಗ ಅವರು ಬಂದು ನೋಡಿದರು. ಈಗಿನ ಪದ್ಧತಿಯಂತೆ ಹುಡುಗ ಹುಡುಗಿ ಇಬ್ಬರನ್ನೇ ಮಹಡಿಯ ಮೇಲೆ ಮಾತಾಡಲು ಬಿಟ್ಟರು. ಕೆಳಗೆ ಕೇಸರಿಬಾತು ಆರುತ್ತಿತ್ತು. ಇಳಿದು ಬಂದು ಅವಳು ಅಮ್ಮನೊಡನೆ ಒಳಗೆ, “ಬೇಡ” ಎಂದಳಂತೆ. ಏನು ಕೊರತೆ ಎಂದರೆ, “ಕೊರತೆ ಏನೂ ಇಲ್ಲ” ಎಂದಳಂತೆ. ಕೊರತೆಯಿಲ್ಲದ್ದನ್ನು ಬೇಡವೆನ್ನುವ ಹೆಣ್ಣನ್ನು ಯಾವ ತಾಯಿ ತಾನೆ ಅರ್ಥಮಾಡಿಕೊಂಡಾಳು? ರಾತ್ರಿ ತಂಗಿ ಫೋನು ಮಾಡಿದಳು. “ಅಕ್ಕ, ಅವಳ ಮನಸ್ಸಿನಲ್ಲಿ ಯಾರೋ ಇದ್ದಾರೆ. ಯಾರು ಅಂತ ನೀನೇ ಕೇಳಿ ಹೇಳು. ಅವರಿಗೆ ಹದಿನೈದು ದಿನ ಟೈಮ್ ಕೇಳಿದ್ದೀನಿ.” ದನಿಯಲ್ಲಿ ಅಳುವಿತ್ತು. ಲೈಬ್ರರಿಯ ಹುಡುಗನ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು, ಹೇಗೋ ನುಂಗಿದೆ.

ಆ ವಾರ ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು ಜನ್ನನ ‘ಯಶೋಧರ ಚರಿತೆ’. 1209ರ ಕಾವ್ಯ. ಕಥೆ ಅನೇಕರಿಗೆ ಗೊತ್ತಿದೆ. ರಾಣಿ ಅಮೃತಮತಿ ನಸುಕಿನಲ್ಲಿ ಎಚ್ಚರಾಗಿ ಮಲಗಿದ್ದಾಗ, ಆನೆಲಾಯದ ಕಡೆಯಿಂದ ಮಾವಟಿಗನೊಬ್ಬನ ಹಾಡು ಕೇಳಿಬರುತ್ತದೆ. ಮುಖ ಕಾಣುವುದಕ್ಕೆ ಮೊದಲೇ ಆ ದನಿಗೆ ಅವಳ ಮನಸ್ಸು ಸೋಲುತ್ತದೆ. ಅವನನ್ನು ನೋಡಿ ಬಂದ ದೂತಿ ಅವನ ಕುರೂಪವನ್ನು ಬಣ್ಣಿಸಿದರೂ ಮನಸ್ಸು ಹಿಂದಿರುಗುವುದಿಲ್ಲ. ಕೊನೆಗೆ ಅವಳು ಗಂಡನಿಗೂ ಅತ್ತೆಗೂ ವಿಷವಿಕ್ಕುವವರೆಗೆ ಕಥೆ ಸಾಗುತ್ತದೆ. ಪ್ರತಿವರ್ಷದಂತೆ ನಾನು, “ಹಾಡು ಕೇಳಿದ ಕ್ಷಣದಲ್ಲೇ ಅವಳ ಪತನ ಆರಂಭವಾಯಿತು” ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. “ಮೇಡಂ, ಅವಳು ತಪ್ಪು ಮಾಡಿದ್ದು ಹಾಡು ಕೇಳಿದಾಗಲೋ, ವಿಷ ಬೆರೆಸಿದಾಗಲೋ?”

ಗಂಟೆ ಹೊಡೆದು ನನ್ನ ಮಾನ ಉಳಿಯಿತು. ಆದರೆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ಹಾಡಿಗೂ ವಿಷಕ್ಕೂ ನಡುವೆ ಎಷ್ಟು ದೂರ! ಎಷ್ಟು ರಾತ್ರಿಗಳು, ಎಷ್ಟು ತೀರ್ಮಾನಗಳು! ಆ ದೂರವನ್ನು ಇಪ್ಪತ್ತು ವರ್ಷದಿಂದ ನಾನು ಒಂದು ವಾಕ್ಯದಲ್ಲಿ ದಾಟಿಸುತ್ತ ಬಂದಿದ್ದೆ. 1980ರಲ್ಲಿ ಗಿರೀಶ ಕಾರ್ನಾಡರು ಇದೇ ಕಥೆಯನ್ನು ‘ಹಿಟ್ಟಿನ ಹುಂಜ’ವಾಗಿಸಿದಾಗ ರಾಣಿಗೂ ತನ್ನ ಮಾತನ್ನು ಹೇಳುವ ಅವಕಾಶ ಕೊಟ್ಟರು. ಅದನ್ನೂ ಓದಿದ್ದೆ, ಪಾಠ ಮಾತ್ರ ಬದಲಾಗಿರಲಿಲ್ಲ. ಜನ್ನನ ಕಾವ್ಯದ ತಿರುಳು ಸಂಕಲ್ಪಹಿಂಸೆ. ಯಶೋಧರ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು; ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ತೊಳಲಿದರು. ನೆನೆದದ್ದೂ ಮಾಡಿದಂತೆಯೇ. ಹಿಂಸೆಯ ವಿಷಯದಲ್ಲಿ ಇದು ಎಷ್ಟು ದೊಡ್ಡ ಮಾತು! ಆದರೆ ನಾವು ಹಿಂಸೆಯ ವಿಷಯದಲ್ಲಿ ಅದನ್ನು ಮರೆತು, ಹೆಣ್ಣುಮಕ್ಕಳ ಮೆಚ್ಚುಗೆಯ ವಿಷಯದಲ್ಲಿ ಮಾತ್ರ ಜ್ಞಾಪಕವಿಟ್ಟುಕೊಂಡಿದ್ದೇವೆ. ಅಮೃತಮತಿಯಾದರೂ ಮದುವೆಯಾದ ರಾಣಿ. ನಮ್ಮ ಹುಡುಗಿ ಹಾಳೆ ತಿರುಗಿಸುವ ಬೆರಳುಗಳನ್ನು ನೋಡಿದಳು, ಅಷ್ಟೆ. ನಾನಾಗಲೇ ಛತ್ರ ಹುಡುಕಲು ಹೊರಟಿದ್ದೆ, ಇಲ್ಲವೇ ಬಾಗಿಲಿಗೆ ಅಗುಳಿ ಹಾಕಲು.

ಇಲ್ಲಿ ನನ್ನ ಒಂದು ಗುಟ್ಟನ್ನೂ ಹೇಳಿಬಿಡಬೇಕು. ನಾನು ಎಂ.ಎ. ಓದುತ್ತಿದ್ದ ಕಾಲದಲ್ಲಿ ಒಂದು ಸಂಜೆ ಗಮಕವಾಚನವಿತ್ತು. ಕುಮಾರವ್ಯಾಸನನ್ನು ಓದಿದವನು ನಮಗಿಂತ ಎರಡು ಮೂರು ವರ್ಷ ದೊಡ್ಡವನಿದ್ದಾನು. ಅವನ ಮುಖ ಈಗ ನೆನಪಿಲ್ಲ. ಆಗಲೂ ಸರಿಯಾಗಿ ನೋಡಿರಲಿಲ್ಲ. ಆ ದನಿ ಮಾತ್ರ ವಾರಗಟ್ಟಲೆ ಕಿವಿಯಲ್ಲಿತ್ತು. ಹಾಸ್ಟೆಲಿನ ಗೆಳತಿಯರಿಗೂ ಹೇಳಲಿಲ್ಲ. ಏನೋ ಕದ್ದವಳಂತೆ ಅದನ್ನು ಅಡಗಿಸಿಟ್ಟೆ. ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಆದರೆ ನನಗೆ ಯಾವುದು ಇಷ್ಟ ಎಂಬುದು ನನಗೇ ತಿಳಿಯುತ್ತಿತ್ತು. ಅದು ತಿಳಿಯದೆಯೇ ಬೆಳೆದದ್ದರಿಂದ, ನನ್ನನ್ನು ನೋಡಲು ಬಂದಾಗ ಅಪ್ಪ, “ಏನಮ್ಮ ನಿನ್ನ ಅಭಿಪ್ರಾಯ?” ಎಂದು ಕೇಳಿದರೆ, “ನಿಮ್ಮಿಷ್ಟ ಅಪ್ಪ” ಎಂದೆ. ನಮ್ಮ ಯಜಮಾನರು ಬಂಗಾರದಂಥ ಮನುಷ್ಯರು. ಕಂಠ ಮಾತ್ರ ಕುಕ್ಕರಿನ ಸೀಟಿಗೆ ಹತ್ತಿರ. ನನ್ನ ಸಂಸಾರ ಚೆನ್ನಾಗಿಯೇ ಆಯಿತು. ಆದರೆ ಲಾಟರಿ ಹೊಡೆದವಳು ಲಾಟರಿಯ ಪರವಾಗಿ ವಾದಿಸಬಾರದು.

ಭಾನುವಾರ ಮಹಡಿಗೆ ಹೋದೆ. ಹುರುಳಿಕಾಯಿ, ಉತ್ತರಪತ್ರಿಕೆ ಎರಡನ್ನೂ ಕೆಳಗೇ ಬಿಟ್ಟಿದ್ದೆ. ಅವಳ ಪಕ್ಕದಲ್ಲಿ ಕೂತು, ಕೇಳಬೇಕೆಂದಿದ್ದ ಪ್ರಶ್ನೆಯ ಬದಲು ಆ ಗಮಕದ ಸಂಜೆಯ ಕಥೆ ಹೇಳಿದೆ. ಕೇಳಿ ಅವಳು, “ದೊಡ್ಡಪ್ಪನಿಗೆ ಗೊತ್ತಾ?” ಎಂದಳು. “ಈಗ ಹೇಳಬಹುದು ಅನ್ಸುತ್ತೆ” ಎಂದೆ. ಇಬ್ಬರೂ ನಕ್ಕೆವು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಶುರುಮಾಡಿದಳು.

“ಆ ಲೈಬ್ರರಿಯವನ ಹೆಸರೂ ನನಗೆ ಗೊತ್ತಿಲ್ಲ ದೊಡ್ಡಮ್ಮ. ಈಗ ಬರೋದೂ ಇಲ್ಲ. ಓದು ಮುಗೀತೋ ಏನೋ. ಬೆಂಗಳೂರಿನವರು ಬೇಡ ಅಂದದ್ದು ಅದಕ್ಕಲ್ಲ. ಅವರು ನಿಜವಾಗಿ ಒಳ್ಳೆಯವರೇ. ನಿಮಗೆ ಏನಿಷ್ಟ ಅಂತ ಕೇಳಿದ್ರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗೋದು ಇಷ್ಟ ಅಂದೆ. ‘ಅಯ್ಯೋ, ಇನ್ನು ಮೇಲೆ ನೀವು ಬಸ್ಸಿನಲ್ಲಿ ಓಡಾಡೋ ಹಾಗೇ ಇಲ್ಲ, ನನ್ನ ಹತ್ರ ಕಾರಿದೆ’ ಅಂದ್ರು. ಪಾಪ, ಸಮಾಧಾನ ಮಾಡೋಕೇ ಹೇಳಿದ್ದು.” ಒದ್ದೆ ಕೂದಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು. “ನಾನು ಇಷ್ಟ ಅಂದೆ. ಅವರಿಗೆ ಅದು ಕಷ್ಟ ಅಂತ ಕೇಳಿಸ್ತು.”

ನಾನು ಏನೂ ಹೇಳಲಿಲ್ಲ. ಹುಡುಗಿಯರ ಆಕರ್ಷಣೆಯೆಂದರೆ ಎಲ್ಲಿಂದಲೋ ಬಂದು ಬಡಿಯುವ ಸಿಡಿಲು ಎಂದು ನಾನು ತಿಳಿದಿದ್ದೆ. ನಮ್ಮ ಕಾದಂಬರಿಗಳೂ ಸಿನಿಮಾಗಳೂ ಹಾಗೆಯೇ ಕಲಿಸಿದ್ದವು. ಕಾಫಿ, ಬಿಸಿಲು, ಕೆರೆಯ ಹಕ್ಕಿ, ಒಂದು ಮೊಳ ಮಲ್ಲಿಗೆ ಇವುಗಳಲ್ಲಿ ಪಳಗಿದ ಮನಸ್ಸೇ ಒಬ್ಬನ ಬೆರಳುಗಳನ್ನೂ ನೋಡುತ್ತದೆ. ಅದೇ ಮನಸ್ಸೇ ಇನ್ನೊಬ್ಬನ ಕಾರನ್ನು ಬೇಡವೆನ್ನುತ್ತದೆ ಎಂಬುದು ಹೊಳೆದಿರಲಿಲ್ಲ. ತನ್ನ ದಿನದಲ್ಲಿ ಸುಖ ಎಲ್ಲಿದೆಯೆಂದು ಅರಿತವಳಿಗೆ ಒಬ್ಬ ಮನುಷ್ಯ ತನಗೆ ಒಗ್ಗುವನೋ ಇಲ್ಲವೋ ಎಂಬುದನ್ನು ಅಳೆಯಲು ಒಂದು ಮೊಳಗೋಲು ಸಿಕ್ಕಿರುತ್ತದೆ. ಅದು ತಪ್ಪಬಹುದು. ಆದರೆ ಅದನ್ನು ಕಿತ್ತುಕೊಂಡು ನಾವು ಕೊಡುವ ಮೊಳಗೋಲು ತಪ್ಪುವುದೇ ಇಲ್ಲವೆಂದು ಯಾರು ಹೇಳಬಲ್ಲರು?

ರಾತ್ರಿ ತಂಗಿಗೆ ಫೋನು ಮಾಡಿದೆ. “ಯಾರಕ್ಕ?” ಎಂದಳು, ಎತ್ತಿದ ಕೂಡಲೆ.

“ಯಾರೂ ಇಲ್ಲ ಕಣೇ. ಅವಳ ಮನಸ್ಸಿನಲ್ಲಿ ಅವಳೇ ಇದ್ದಾಳೆ.”

“ಅವರಿಗೆ ಇದನ್ನ ಹೇಳೋಕಾಗುತ್ತಾ? ಬಸ್ಸಿನ ಕಿಟಕಿ ಅಂದ್ರೆ ನಗೋದಿಲ್ವಾ? ನಿನ್ನ ಹತ್ರ ಬಿಟ್ಟದ್ದೇ ತಪ್ಪಾಯ್ತು” ಎಂದು ಫೋನು ಇಟ್ಟಳು. ಹತ್ತು ದಿನ ಮಾತಾಡಲಿಲ್ಲ. ಅವಳ ಭಯ ಸುಳ್ಳೆಂದು ನಾನು ಹೇಳಲಾರೆ. ಒಳ್ಳೆಯ ಸಂಬಂಧಗಳು ದಿನವೂ ಬಾಗಿಲಿಗೆ ಬರುವುದಿಲ್ಲ. ತಾಯಿಯ ನಿದ್ರೆ ನನಗೆ ಸಿಕ್ಕ ನಿದ್ರೆಯಲ್ಲ. ಹನ್ನೊಂದನೆಯ ದಿನ ಕೊರಿಯರಿನಲ್ಲಿ ಒಂದು ಡಬ್ಬ ಸಾರಿನ ಪುಡಿ ಬಂತು. ಜೊತೆಗೆ ಚೀಟಿಯೇನೂ ಇರಲಿಲ್ಲ.

ನಿನ್ನೆ ರಾತ್ರಿ ಅಡಿಗೆಮನೆಯಲ್ಲಿ ನಮ್ಮ ಹುಡುಗಿ ಹೇಳಿದಳು: “ದೊಡ್ಡಮ್ಮ, ಹೊಸದಾಗಿ ಒಬ್ಬ ಕಂಡಕ್ಟರ್ ಬಂದಿದ್ದಾನೆ. ಮುದುಕಿಯರು ಹತ್ತಿ ಕೂತ್ಕೊಳ್ಳೋ ತನಕ ಸೀಟಿ ಊದೋದಿಲ್ಲ. ನೋಡೋಕೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ?”

ಹಳೆಯ ನಾಲ್ಕು ಪ್ರಶ್ನೆಗಳೂ ಸಾಲಾಗಿ ಎದ್ದು ನಿಂತವು. ಐದನೆಯದೂ ಎದ್ದಿತು. ಅಷ್ಟು ಬೇಗ ಸಾಯುವ ಜಾತಿಯ ಪ್ರಶ್ನೆಗಳಲ್ಲ ಅವು. ಒಲೆಯ ಕಟ್ಟೆಯನ್ನು ಇನ್ನೊಂದು ಸಲ ಒರೆಸಿದೆ.

“ಹೌದಾ? ಆಮೇಲೆ?” ಎಂದೆ.