"ಎಲ್ಲಾರಿಗೂ ಇರ್ತದ ಬಿಡು" ಅನ್ನೋ ಟೊಂಕ ನೋವು

ನಮ್ಮ ಕಡೆ ಬಸರಿ ಹುಡುಗಿ "ಟೊಂಕ ನೋಯ್ಲಿಕ್ಕತ್ತದ" ಅಂದ್ರ ಮನ್ಯಾಗ ಸಿಗೋ ಉತ್ತರ ಎರಡೇ. ಒಂದು, "ಎಲ್ಲಾರಿಗೂ ಇರ್ತದ ಬಿಡವಾ, ನಾವೇನು ಹಡದಿಲ್ಲೇನು?" ಇನ್ನೊಂದು, "ಕೂತು ಕೂತು ಹಂಗಾಗ್ಯದ, ಎದ್ದು ನಾಕು ಕೆಲಸ ಮಾಡು, ಸರಳ ಹಡೀತಿ." ನಂಗೂ ಈ ಎರಡೂ ಮಾತು ಬಂದಿದ್ವು, ನಿಮಗೂ ಬಂದಿರ್ತಾವ. ಹೇಳಿದವರು ಕೆಟ್ಟವರಲ್ಲ, ಅವರಿಗೆ ಅವರ ಅತ್ತಿ ಹಂಗ ಹೇಳಿದ್ರು. ಆದ್ರ ಈ ಎರಡರಾಗೂ ನೋವು ಕಡಿಮಿ ಮಾಡೋ ಮಾತು ಒಂದೂ ಇಲ್ಲ ನೋಡ್ರಿ.

ಈಗ ನನ್ನ ಮಗಳಿಗೆ ಏಳು ತುಂಬಿ ಎಂಟರಾಗ ಬಿದ್ದದ. ಬೆಂಗಳೂರಾಗ ಕಂಪ್ಯೂಟರ್ ಮುಂದ ಕೂತು ಮಾಡೋ ನೌಕರಿ. ಕುಬಸಕ್ಕಂತ ಬಂದಾಕಿ ಇಲ್ಲೇ ಉಳದಾಳ. ಆಕಿ ಜೋಡಿ ಡಾಕ್ಟರ್ ಬಾಯಿ ಕಡೆ ಹೋದಾಗೆಲ್ಲಾ ನಾ ಒಂದು ಹಳೇ ವಹಿ ಒಯ್ದು, ಅವರು ಹೇಳಿದ್ದು ಬರಕೊಂಡು ಬಂದೀನಿ. ನಮ್ಮ ಓಣ್ಯಾಗ ಇನ್ನೂ ಇಬ್ಬರು ಬಸರಿ ಅದಾರ. ಹುಡುಗ್ಯಾರು ಫೋನಿನಾಗ ಎಲ್ಲಾ ಓದೇ ಓದ್ತಾರ. ಓದಬೇಕಾದವರು ಅವರ ಅವ್ವಂದ್ರು, ಅತ್ತೆಂದ್ರು. ಮನಿ ಕೆಲಸ ಹಂಚೋರು ನಾವಲ್ಲೇನ್ರಿ?

ಮೊದಲ ಯಾಕ ನೋಯ್ತದ ಅನ್ನೋದು ತಿಳ್ಕೋಬೇಕು. ಬಸರಾದಾಗ ಮೈಯಾಗ ರಿಲಾಕ್ಸಿನ್ ಅನ್ನೋ ಹಾರ್ಮೋನು ಹೆಚ್ಚಾಗ್ತದ. ಎಲುಬಿನ ಕೀಲು ಬಿಗಿ ಹಿಡದಿರೋ ನಾರುಗಳು ಆವಾಗ ಸಡಲ ಬೀಳ್ತಾವ, ಹಡಿಯೋ ಮುಂದ ಕೂಸಿಗೆ ದಾರಿ ಆಗಬೇಕಲ್ಲ. ಹೊರಸಿನ ಹಗ್ಗ ಸಡಲಾದ್ರ ಮಲಗಿದವರ ನಡಾ ಹೆಂಗ ಕುಸೀತದೋ ಹಂಗ. ಮ್ಯಾಲೆ ಹೊಟ್ಟಿ ಮುಂದ ಬಂದಂಗ ಮೈ ಭಾರ ಎಲ್ಲಾ ಮುಂದ ಸರೀತದ. ಮುಗ್ಗರಸಬಾರದಂತ ಹುಡುಗಿ ತಾನ ಹಿಂದ ವಾಲಿ ನಡೀತಾಳ, ಟೊಂಕದ ಬಾಗು ಹೆಚ್ಚಾಗ್ತದ. ಹೊಟ್ಟಿ ಸ್ನಾಯು ಹಿಗ್ಗಿ ಹೋಗಿ ಬೆನ್ನಿಗೆ ಮೊದಲಿನಂಗ ಆಸರ ಕೊಡೂದಿಲ್ಲ. ಒಂಬತ್ತು ತಿಂಗಳು ತುಂಬೂದ್ರಾಗ ಹತ್ತು ಹನ್ನೆರಡು ಕಿಲೋ ತೂಕ ಬ್ಯಾರೆ. ಇಷ್ಟೆಲ್ಲಾ ಆಗಿದ್ದಾಕಿಗೆ ಸೋಮಾರಿ ಅನ್ನೋದು ಯಾವ ನ್ಯಾಯ?

ನಮ್ಮ ಮನಿಗಳಾಗ ಟೊಂಕದ ಮೊದಲನೇ ವೈರಿ ಜ್ವಾಳದ ರೊಟ್ಟಿ. ಬ್ಯಾರೆ ಕಡೆಯವರಿಗೆ ಇದು ತಿಳಿಯೂದಿಲ್ಲ. ಚಪಾತಿ ಲಟ್ಟಿಸೋದು ಬ್ಯಾರೆ, ರೊಟ್ಟಿ ಬಡಿಯೋದು ಬ್ಯಾರೆ. ಕುದಿಯೋ ನೀರು ಹಾಕಿದ ಹಿಟ್ಟು ಗಚ್ಚಿ ನಾದಬೇಕು, ಅಂಗೈಲೆ ಬಡದು ಬಡದು ಅಗಲ ಮಾಡಬೇಕು, ಭುಜದ ಬಲ ಎಲ್ಲಾ ಮುಂದ ಹಾಕಬೇಕು. ಹೊಟ್ಟಿ ಬಂದಾಕಿಗೆ ಅಡಗಿಮನಿ ಕಟ್ಟಿಗೆ ಹತ್ತಿ ನಿಲ್ಲಲಿಕ್ಕೆ ಬರೂದಿಲ್ಲ. ಗೇಣು ದೂರ ನಿಂತು ಮುಂದ ಬಗ್ಗಿ ಬಡೀತಾಳ. ಇಪ್ಪತ್ತು ರೊಟ್ಟಿ ಆಗೂ ಮಟಾ ಹಂಗ ಬಗ್ಗಿ ನಿಂತ್ರ ಬಸರಿ ಏನು, ಗಟ್ಟಿ ಆಳಿನ ಟೊಂಕಾನೂ ಹಿಡೀತದ.

1994ರಾಗ ಮಗಳನ್ನ ಹೊತ್ತಾಗ ನಮ್ಮದು ಹನ್ನೊಂದು ಮಂದಿ ಕೂಡಿದ ಮನಿ. ದಿನಾ ಮುಂಜಾನೆ ಮೂವತ್ತು ರೊಟ್ಟಿ. ಆರನೇ ತಿಂಗಳಿಂದ ನಂಗ ರೊಟ್ಟಿ ಮುಗಿಸಿ ನೆಟ್ಟಗ ನಿಲ್ಲಲಿಕ್ಕೇ ಆಗ್ತಿದ್ದಿಲ್ಲ, ಗ್ವಾಡಿ ಹಿಡಕೊಂಡು ಹಿತ್ತಲಿಗೆ ಹೋಗ್ತಿದ್ದೆ. ಅತ್ತಿಯವರ ಮುಂದ ಬಾಯಿಬಿಡೋ ಧೈರ್ಯ ಆವಾಗ ಯಾರಿಗಿತ್ತು? ನಮ್ಮ ದೊಡ್ಡ ನೆಗೆಣ್ಣಿ ಒಂದಿನ ಹಿತ್ತಲದಿಂದ ಒಂದು ಇಟ್ಟಂಗಿ ತೊಳಕೊಂಡು ಬಂದು ನನ್ನ ಕಾಲ ಕಡೆ ಇಟ್ರು. "ಒಂದು ಕಾಲು ಇದರ ಮ್ಯಾಲಿಡು. ನಾಕು ರೊಟ್ಟಿ ಆದ ಮ್ಯಾಲೆ ಕಾಲು ಬದ್ಲಿ ಮಾಡು" ಅಂದ್ರು, ಅಷ್ಟ. ಅವರು ಎರಡನೇತ್ತೆ ದಾಟಿದವರಲ್ಲ. ಮೂವತ್ತು ವರ್ಷ ಆದ ಮ್ಯಾಲೆ ಡಾಕ್ಟರ್ ಬಾಯಿ ಅದನ್ನ ನನ್ನ ಮಗಳಿಗೆ ಹೇಳಿದಾಗ ನಂಗ ನಗಿ ಬಂತು. ಒಂದು ಕಾಲು ಚೂರು ಮ್ಯಾಲಿದ್ರ ಟೊಂಕದ ಬಾಗು ಕಡಿಮಿ ಆಗ್ತದಂತ. ಇಟ್ಟಂಗಿ ಬ್ಯಾಡಂದ್ರ ಕೂಡೋ ಮಣಿ ಆದೀತು. ಭಾಂಡಿ ತಿಕ್ಕೋ ಮುಂದ, ಇಸ್ತ್ರಿ ಮಾಡೋ ಮುಂದನೂ ಹಂಗ ಮಾಡಬಹುದು.

ಆದ್ರ ಖರೇ ಹೇಳಲೇನು? ಇಟ್ಟಂಗಿ ಇಡೋದಕ್ಕಿಂತ ರೊಟ್ಟಿ ಬ್ಯಾರೆಯವರು ಬಡಿಯೋದು ಚೊಲೋ. ಈಗ ಸಂಘದ ಹೆಣ್ಮಕ್ಕಳು ಖಡಕ್ ರೊಟ್ಟಿ ಮಾಡಿ ಮಾರ್ತಾರ. ಎರಡು ತಿಂಗಳು ತಂದು ತಿಂದ್ರ ಯಾರ ಮರ್ಯಾದೀನೂ ಹೋಗೂದಿಲ್ಲ. ನಮ್ಮ ಮನಿಯವರಿಗೆ "ಬಿಸಿ ರೊಟ್ಟಿನೇ ಬೇಕಂದ್ರ ಹಂಚು ಅಲ್ಲದ" ಅಂತ ಹೇಳೀನಿ. ಇನ್ನೂ ಮಟಾ ಹಂಚಿನ ಕಡೆ ಬಂದಿಲ್ಲ, ಖಡಕ್ ರೊಟ್ಟಿನೇ ಸುಮ್ಮನ ತಿನ್ನಲಿಕ್ಕತ್ತಾರ.

ಭಾರ ಎತ್ತೋದೂ ಹಂಗ. ನಳಾ ಬಂದ ದಿನ ಕೊಡಾ ತುಂಬೋದು, ಹಸಿ ಅರಬಿ ಬಕೀಟು ಮಾಳಿಗಿ ಮ್ಯಾಲೆ ಒಯ್ಯೋದು, ಇವು ಬಸರಿ ಕೆಲಸ ಅಲ್ಲ. ಎತ್ತಲೇಬೇಕಾದ ಹಗರ ಸಾಮಾನು ಇದ್ರ ಮೊಣಕಾಲು ಮಡಚಿ ಕೆಳಗ ಕುಕ್ಕರಿಸಿ, ಸಾಮಾನು ಮೈಗೆ ಹತ್ತಿಸಿಕೊಂಡು ಕಾಲಿನ ಬಲದ ಮ್ಯಾಲೆ ಏಳಬೇಕು. ಟೊಂಕ ಬಗ್ಗಿಸಿ ಎತ್ತಬಾರದು. ಎತ್ತಿ ಒಮ್ಮೆಲೆ ಹೊಳ್ಳಬಾರದು. ಎರಡನೇ ಬಸರಿಗೆ ಇನ್ನೊಂದು ತ್ರಾಸ, ಮೊದಲನೇ ಕೂಸು "ಎತ್ಕೋ" ಅಂತ ಅಳ್ತದ. ಅದನ್ನ ಬಗಲಾಗ ಒಂದ ಕಡೆ ಹೊತ್ತು ಅಡ್ಡಾಡಿದ್ರ ಸಡಲಾದ ಕೀಲಿಗೆ ಪೂರಾ ಪೆಟ್ಟು. ಅವ್ವ ಕೆಳಗ ಕೂತು ತೆಕ್ಕಿಗೆ ತಗೋಬೇಕು, ಹೊರೋ ಕೆಲಸ ಅಪ್ಪ, ಅಜ್ಜಂದು.

ಇನ್ನ ಕಸಾ ಹೊಡಿಯೋ ಮಾತು. "ಬಗ್ಗಿ ಕಸಾ ಹೊಡದ್ರ ಸರಳ ಹೆರಿಗಿ" ಅಂತ ನಮ್ಮ ಬೀಗಿತ್ತಿಯವರು ಫೋನ್ ಮಾಡಿದಾಗೊಮ್ಮೆ ಹೇಳ್ತಾರ. ಒಳ್ಳೇ ಮನಸಿನವರು, ಅವರ ಜೋಡಿ ವಾದ ಮಾಡಲಿಕ್ಕೆ ನಂಗ ಇಷ್ಟ ಇಲ್ಲ. ಆದ್ರ ಡಾಕ್ಟರ್ ಬಾಯಿಗೆ ಕೇಳೇ ಬಂದೆ. ಮೈ ಆಡಬೇಕು ಅನ್ನೋದು ಖರೇ, ಸುಮ್ಮನ ಮಲಗಿದ್ರ ನೋವು ಹೆಚ್ಚ ಆಗ್ತದ. ಆದ್ರ ಗಿಡ್ಡ ಕಸಬರಿಗಿ ಹಿಡದು ನಡಾ ಬಗ್ಗಿಸಿ ಆರು ಖೋಲಿ ಹೊಡಿಯೋದು ವ್ಯಾಯಾಮ ಅಲ್ಲ. ಅದರ ಬದ್ಲಿ ದಿನಾ ಅರ್ಧ ತಾಸು ಅಡ್ಡಾಡಬೇಕು, ಬೇಕಾದ್ರ ಹತ್ತು ಹತ್ತು ನಿಮಿಷ ಮೂರು ಸಲ. ಚಪ್ಪಲಿ ಎತ್ತರ ಹಿಮ್ಮಡಿದೂ ಬ್ಯಾಡ, ತೀರಾ ಹಾಳಿಯಂಗ ತೆಳ್ಳಗಿಂದೂ ಬ್ಯಾಡ.

ಇನ್ನೆರಡು ವ್ಯಾಯಾಮ ತೋರಿಸ್ಯಾರ. ಅಂಬೆಗಾಲ ಇಡೋ ಕೂಸಿನಂಗ ಕೈ ಮೊಣಕಾಲು ಊರಿ, ಮೈ ಮುರಿಯೋ ಬೆಕ್ಕಿನಂಗ ಬೆನ್ನು ನಿಧಾನ ಮ್ಯಾಲೆ ಕಮಾನು ಮಾಡೋದು, ಮತ್ತ ಸಮಾ ತರೋದು. ಕೆಳಗ ಜೋತು ಬಿಡಬಾರದು. ಇನ್ನೊಂದು, ಗ್ವಾಡಿಗೆ ಬೆನ್ನು ಕೊಟ್ಟು ನಿಂತು, ಮೊಣಕಾಲು ಚೂರು ಮಡಚಿ, ಟೊಂಕದ ಹಿಂದಿನ ಸಂದಿ ಗ್ವಾಡಿಗೆ ಒತ್ತೋದು, ಐದು ಎಣಿಸಿ ಬಿಡೋದು. ಎಂಟ್ಹತ್ತು ಸಲ ಸಾಕು. ಮಗಳು ಮಾಡೋ ಮುಂದ ನಾನೂ ಮಾಡ್ತೀನಿ, ನನ್ನ ಟೊಂಕಕ್ಕೂ ಐವತ್ತು ದಾಟ್ಯದ. ರಕ್ತಸ್ರಾವ ಆಗಿದ್ದವರು, ಡಾಕ್ಟರು ಮೈ ಆಡಿಸಬ್ಯಾಡ ಅಂದವರು ಮಾತ್ರ ಕೇಳಲಾರದ ಇದನ್ನ ಮಾಡಬಾರದು.

ರಾತ್ರಿ ನೋವು ಹಗಲಿಗಿಂತ ಕೆಟ್ಟದ್ದು. ಮಗಳಂತೂ ಮೊದಲಿನ ವಾರ ಮೂರಕ್ಕೆ ಎದ್ದು ಪಡಸಾಲ್ಯಾಗ ಅಡ್ಡಾಡ್ತಿದ್ಲು. ನಮ್ಮ ಹಳೇ ಹತ್ತಿ ಗಾದಿ ನಡುವ ತಗ್ಗು ಬಿದ್ದಿತ್ತು, ಅದನ್ನ ತಗದು ಗಟ್ಟಿ ಗಾದಿ ಹಾಕಿದ್ವಿ. ಏಳು ತಿಂಗಳು ಹತ್ತಿದ ಮ್ಯಾಲೆ ಅಂಗಾತ ಮಲಗಬಾರದು, ಕೂಸಿನ ಭಾರ ದೊಡ್ಡ ರಕ್ತನಾಳದ ಮ್ಯಾಲೆ ಬೀಳ್ತದ. ಮಗ್ಗಲಾಗೇ ಮಲಗಬೇಕು. ಎಡಾ ಆದ್ರೂ ಬಲಾ ಆದ್ರೂ ನಡೀತದ ಅಂದ್ರು. ನಡುರಾತ್ರಿ ಅಂಗಾತ ಆಗಿ ಎಚ್ಚರಾದ್ರ ಹೆದರೋದೇನಿಲ್ಲ, ಮತ್ತ ಹೊಳ್ಳಿ ಮಲಗಿದ್ರ ಆತು. ಎರಡು ಮೊಣಕಾಲಿನ ನಡುವ ಒಂದು ತಲಿದಿಂಬು, ಹೊಟ್ಟಿ ಕೆಳಗ ಒಂದು ಸಣ್ಣದು. ಪ್ಯಾಟ್ಯಾಗ ಇದಕ್ಕಂತ ಹಾವಿನಂಗ ಉದ್ದ ದಿಂಬು ಬಂದಾವ, ಎರಡು ಸಾವಿರ ಹೇಳ್ತಾರ. ನಾ ಆಯಿ ಹೊಲದ ಕೌದಿ ಸುರುಳಿ ಸುತ್ತಿ, ಹಳೇ ಇಳಕಲ್ ಸೀರಿ ಗವಸಣಗಿ ಹಾಕಿ ಕೊಟ್ಟೆ. ಕೌದಿ ಮೆತ್ತಗೂ ಅದ, ತೂಕಾನೂ ಅದ, ರಾತ್ರಿ ಜಾರೂದಿಲ್ಲ. ಮೂರನೇ ದಿನಕ್ಕ ಮಗಳು ಐದರ ಮಟಾ ಮಲಗಿದ್ಲು. ಏಳೋ ಮುಂದ ಒಮ್ಮೆಲೆ ಎದ್ದು ಕೂಡಬಾರದು. ಮಗ್ಗಲಾಗಿದ್ದಂಗ ಕಾಲು ಕೆಳಗ ಬಿಟ್ಟು, ಕೈ ಊರಿ ಏಳಬೇಕು.

ಕುಬಸದ ದಿನ ಸಣ್ಣ ಜಗಳ ಆತು. ಹಸರ ಸೀರಿ, ಹಸರ ಬಳಿ, ದಂಡಿ, ಮ್ಯಾಲೆ ಎರಡು ತಾಸು ಮಣಿ ಮ್ಯಾಲೆ ಚಕ್ಕಂಬಕ್ಕಳ ಹಾಕಿ ಕೂಡಬೇಕು. ಮುಕ್ಕಾಲು ತಾಸಿಗೆ ಮಗಳ ಮಾರಿ ಸಪ್ಪಗಾತು. ನಾ ಎದ್ದು ಬೆನ್ನಿರೋ ಖುರ್ಚಿ ತಂದು, ಟೊಂಕದ ಹಿಂದ ಟಾವೆಲ್ ಸುರುಳಿ ಇಟ್ಟು ಕೂಡಿಸಿದೆ. ನಮ್ಮ ಕಾಕು ಒಬ್ಬರು "ಮಣಿ ಮ್ಯಾಲೆ ಕೂಡಲಾರದ ಕುಬಸ ಏನು" ಅಂತ ಮಾರಿ ತಿರುವಿದ್ರು. "ಕಾಕು, ಮಣಿ ಕಾಲ ಕೆಳಗ ಇಡೂಣು, ಅದೂ ಮಣಿನ ಅಲ್ಲ?" ಅಂದೆ. ಉಳದವರು ನಕ್ರು, ಕಾಕು ನಗಲಿಲ್ಲ. ಆದ್ರ ಆರತಿಗೆ ಮೊದಲ ಎದ್ದು ಬಂದವರು ಅವರ. ಆಫೀಸಿನಾಗ ಕೂಡೋರಿಗೂ ಇದ ಮಾತು. ಟೊಂಕದ ಹಿಂದ ಆಸರ, ಕಾಲ ಕೆಳಗ ಸಣ್ಣ ಮಣಿ, ಅರ್ಧ ತಾಸಿಗೊಮ್ಮೆ ಎದ್ದು ನಾಕು ಹೆಜ್ಜಿ.

ನೋವು ಬಂದೇ ಬಂದಾಗ ಬಿಸಿನೀರಿನ ಚೀಲ ಅರಬಿಯಾಗ ಸುತ್ತಿ ಹತ್ತು ಹದಿನೈದು ನಿಮಿಷ ಟೊಂಕಕ್ಕ ಇಡಬಹುದು. ಬೆಚ್ಚಗಿರಬೇಕು, ಸುಡಬಾರದು, ಹೊಟ್ಟಿ ಮ್ಯಾಲೆ ಇಡಲೇಬಾರದು. ಬಾಣಂತಿಗೆ ಹಾಕೋ ಸುಡುಸುಡು ನೀರು ಬಸರಿಗೆ ಬ್ಯಾಡ. ಕೊಬ್ಬರಿ ಎಣ್ಣಿ ಹಚ್ಚಿ ಮಗ್ಗಲಾಗಿ ಮಲಗಿಸಿ ಹಗರ ತಿಕ್ಕಿದ್ರ ಆರಾಮ ಅನಸ್ತದ. ಗಟ್ಟಿ ಒತ್ತೋದು, ನಟಿಗಿ ಮುರಿಯೋದು ಬ್ಯಾಡ. ಗುಳಗಿ ಮಾತ್ರ ಡಾಕ್ಟರನ್ನ ಕೇಳಲಾರದ ಒಂದೂ ಬ್ಯಾಡ. ನಾವು ಮೊಣಕಾಲಿಗೆ ತಗೊಳ್ಳೋ ನೋವಿನ ಗುಳಗಿ, ಐಬುಪ್ರೊಫೇನ್, ಡೈಕ್ಲೋಫೆನಾಕ್ ಇಂಥಾವು ಬಸರಿಗೆ ಕೊಡಬಾರದು. ಐದು ತಿಂಗಳು ದಾಟಿದ ಮ್ಯಾಲಂತೂ ಕೂಸಿನ ಕಿಡ್ನಿಗೆ, ಸುತ್ತಲ ನೀರಿಗೆ ಧಕ್ಕಿ. ಟೊಂಕಕ್ಕ ಹಚ್ಚೋ ಕೆಲವು ಮುಲಾಮು, ಸ್ಪ್ರೇದಾಗೂ ಅದ ಔಷಧ ಇರ್ತದ, ಟ್ಯೂಬಿನ ಮ್ಯಾಲೆ ಓದ್ರಿ.

ಇಷ್ಟು ಬರದದ್ದು ಸಾದಾ ನೋವಿನ ಮಾತು. ಸಾದಾ ಅಲ್ಲದ್ದೂ ಇರ್ತದ. ಹೋದ ವರ್ಷ ನಮ್ಮ ಓಣಿ ಹುಡುಗಿಗೆ ಏಳು ತಿಂಗಳಿದ್ದಾಗ ಬಲಗಡೆ ಪಕ್ಕಡಿ ಕೆಳಗ, ಹಿಂದ, ಒಂದ ಕಡೆ ನೋವು ಶುರು ಆತು. ಮನ್ಯಾಗ ಅದ ಮಾತು, ಎಲ್ಲಾರಿಗೂ ಇರ್ತದ. ಬಾಮ್ ಹಚ್ಚಿದ್ರು. ಮರುದಿನ ಸಂಜಿಗೆ ಗಡಗಡ ನಡುಗಿ ಜ್ವರ ಬಂತು, "ಥಂಡಿ ಹತ್ಯದ" ಅಂತ ಕಷಾಯ ಕೊಟ್ರು. ಅವರ ಅವ್ವ ನನ್ನ ಕಡೆ ಶುಂಠಿ ಕೇಳಲಿಕ್ಕೆ ಬಂದಾಗ ಹುಡುಗಿಗೆ ಮೂತ್ರಕ್ಕ ಹೋದ್ರ ಉರೀತದ ಅನ್ನೋದೂ ತಿಳೀತು. ಶುಂಠಿ ಅಲ್ಲೇ ಬಿಟ್ಟು ಆಟೋ ಕರದ್ವಿ. ಮೂತ್ರದ ಸೋಂಕು ಕಿಡ್ನಿಗೆ ಏರಿತ್ತು. ಬಸರಾದಾಗ ಮೂತ್ರದ ನಾಳ ಸಡಲಾಗಿ, ಗರ್ಭದ ಒತ್ತಡಾನೂ ಬಿದ್ದು ಸೋಂಕು ಹಂಗ ಮ್ಯಾಲೆ ಏರ್ತದ, ಬಲಗಡೆನೇ ಹೆಚ್ಚು. ನಾಕು ದಿನಾ ಸಲೈನ್ ಹಚ್ಚಿ ಇಂಜೆಕ್ಷನ್ ಕೊಟ್ರು. ಇನ್ನೂ ತಡಾ ಆಗಿದ್ರ ದಿನಾ ತುಂಬೋ ಮೊದಲ ಬ್ಯಾನಿ ಶುರು ಆಗ್ತಿತ್ತು ಅಂದ್ರಂತ. ಈಗ ಆ ಕೂಸು ನಮ್ಮ ಕಟ್ಟಿ ಹಿಡಕೊಂಡು ನಿಲ್ತದ.

ಹಂಗಂತ ನೋಡ್ರಿ, ಟೊಂಕ ನೋವಿನ ಜೋಡಿ ಜ್ವರ, ಮೂತ್ರ ಉರಿ, ರಕ್ತ ಅಥವಾ ನೀರು ಹೋಗೋದು ಕಂಡ್ರ ರಾತ್ರಿ ಹನ್ನೆರಡಾದ್ರೂ ದವಾಖಾನಿಗೆ ಹೋಗಬೇಕು. ಒಂಬತ್ತು ತುಂಬೋ ಮೊದಲ ನೋವು ಲೆಕ್ಕ ಇಟ್ಟಂಗ ಬಂದು ಬಂದು ಹೋಗ್ತಿದ್ರ, ಜೋಡಿ ಹೊಟ್ಟಿ ಕಲ್ಲಿನಂಗ ಬಿಗೀತಿದ್ರ ಅದು ಟೊಂಕ ನೋವಲ್ಲ, ಬ್ಯಾನಿ ಇರಬಹುದು. ಕಾಲು ಜೋಮು ಹಿಡದು ಶಕ್ತಿ ಹೋದ್ರ, ಮೂತ್ರ ಹಿಡಿಯಲಿಕ್ಕೆ ಆಗದಿದ್ರನೂ ಕಾಯಬಾರದು. ಗಾಡಿ ಸಿಗದಿದ್ರ 108ಕ್ಕ ಫೋನ್ ಹಚ್ಚರಿ, ತಾಯಿ ಕಾರ್ಡ್ ಕೈಯಾಗಿರಲಿ.

ಖರ್ಚಿನ ಚಿಂತಿ ಇದ್ದವರಿಗೆ, ಪ್ರತಿ ತಿಂಗಳು 9ನೇ ತಾರೀಖಿಗೆ ಸರಕಾರಿ ದವಾಖಾನ್ಯಾಗ ಬಸರಿಯರ ತಪಾಸಣಿ ಪುಕ್ಕಟ ಮಾಡ್ತಾರ, 2016ರಿಂದ ನಡದದ. ಆಶಾ ಅಕ್ಕಾರಿಗೆ ಕೇಳಿದ್ರ ಎಲ್ಲಿ, ಎಷ್ಟೊತ್ತಿಗೆ ಅಂತ ಹೇಳ್ತಾರ. ಮಾತ್ರ ಅಲ್ಲಿ ಪಾಳಿ ಉದ್ದ ಇರ್ತದ, ಬೆಂಚಿಗೆ ಬೆನ್ನಿರೂದಿಲ್ಲ. ಒಂದು ಸಣ್ಣ ದಿಂಬು ಚೀಲದಾಗ ಹಾಕ್ಕೊಂಡು ಹೋಗ್ರಿ.